ಹಿಂದಿನ ಆಕ್ಸಲ್ ಆಯಿಲ್ ಲೀಕ್, ಬ್ರೇಕ್ ಸರಿಯಾಗಿ ಹಿಡೀತಿಲ್ಲ: ಜೀಪ್ ತರದ ಗಾಡಿಗಳಿಗೆ ಪತ್ತೆಯಿಂದ ರಿಪೇರಿ ತನಕ ಪೂರ್ತಿ ವಿವರ

ಮಳೆಗಾಲ ಮುಗೀತಾ ಬಂದಿತ್ತು, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳೀತಾ ಉಜಿರೆ ಕಡೆ ಹೊರಟಿದ್ವಿ, ಅರ್ಧ ದಾರೀಲಿ ನಮ್ಮ ಮನೆ ಜೀಪಿನ ಹಿಂದಿನ ಎಡಗಡೆ ಚಕ್ರದಿಂದ ಸುಟ್ಟ ವಾಸನೆ ಬರೋಕೆ ಶುರುವಾಯ್ತು, ಬ್ರೇಕ್ ಒತ್ತಿದ್ರೆ ಗಾಡಿ ಸ್ವಲ್ಪ ಬಲಕ್ಕೆ ಎಳೀತಿತ್ತು. ಪಕ್ಕಕ್ಕೆ ನಿಲ್ಸಿ ನೋಡಿದ್ರೆ ಟೈರಿನ ಒಳಗೋಡೆ ಮೇಲೆ ಕಪ್ಪಗೆ ಎಣ್ಣೆ ಚಿಮ್ಮಿದ ಗೆರೆಗಳು, ಬ್ಯಾಕ್ ಪ್ಲೇಟ್ (ಬ್ರೇಕ್ ಡ್ರಮ್ಮಿನ ಒಳಮಗ್ಗುಲಿನ ತಗಡಿನ ತಟ್ಟೆ) ಕೆಳಗಿಂದ ತೊಟ್ಟಿಕ್ತಿದೆ. ಅದೇ ಕಡೆ ಆಯಿಲ್ ಸೀಲ್, ಅಂದ್ರೆ ಆಕ್ಸಲ್ (ಚಕ್ರ ತಿರುಗಿಸೋ ಶಾಫ್ಟ್) ಸುತ್ತ ಎಣ್ಣೆ ತಡೆಯೋ ರಬ್ಬರ್ ಬಳೆ, ಎಂಟು ತಿಂಗಳಲ್ಲಿ ಎರಡು ಸಲ ಬದಲಾಗಿತ್ತು. ಮೂರನೇ ಸಲ ನಾನೇ ಬಿಚ್ಚಿ ಕೂತೆ, ಯಾಕೆ ಹೋಗ್ತಿದೆ ಅಂತ ಗೊತ್ತಾಗೋ ತನಕ ಹೊಸ ಸೀಲ್ ಹಾಕಲ್ಲ ಅಂತ ತೀರ್ಮಾನ ಮಾಡಿ. ಆಗ ಕಲಿತಿದ್ದು, ಅದಾದ ಮೇಲೆ ಅಕ್ಕಪಕ್ಕದ ತೋಟದವರ ಗಾಡಿಗಳಲ್ಲಿ ಮಾಡಿ ನೋಡಿದ್ದು ಎಲ್ಲಾ ಇಲ್ಲಿ ಬರೀತಿದೀನಿ.

ಇದು ಹಿಂದೆ ಒಂದೇ ಗಟ್ಟಿ ಹೌಸಿಂಗ್ (ಆಕ್ಸಲ್ ಒಳಗೆ ಕೂರೋ ಲೋಹದ ಕವಚ), ಪ್ಲೇಟ್ ಸ್ಪ್ರಿಂಗ್, ಡ್ರಮ್ ಬ್ರೇಕ್ ಇರೋ ಗಾಡಿಗಳಿಗೆ, ಅಂದ್ರೆ ಜೀಪು, ಬೊಲೆರೊ, ಪಿಕಪ್ಪು ಇಂಥವಕ್ಕೆ. ಮುಂದಿನ ಚಕ್ರದಿಂದ ಓಡೋ ಸಣ್ಣ ಕಾರುಗಳಲ್ಲಿ ಹಿಂದೆ ಡಿಫರೆನ್ಶಿಯಲ್ಲೇ (ಇಂಜಿನ್ ಬಲಾನ ಎರಡೂ ಚಕ್ರಕ್ಕೆ ಹಂಚೋ ಗೇರ್ ಜೋಡಣೆ) ಇರಲ್ಲ, ಅವಕ್ಕೆ ಬ್ರೇಕಿನ ಭಾಗ ಮಾತ್ರ ಅನ್ವಯ ಆಗತ್ತೆ.

ಬಿಚ್ಚೋಕೆ ಮುಂಚೆ ಓಡಿಸಿ ನೋಡಿ

ಪಾನಾ ಹಿಡಿಯೋ ಮುಂಚೆ ಖಾಲಿ ರಸ್ತೇಲಿ ಒಂದು ಹತ್ತು ಕಿಲೋಮೀಟರ್ ಓಡಿಸಿ, ರೇಡಿಯೋ ಆಫ್ ಮಾಡಿ, ಗಾಜು ಇಳ್ಸಿ. ಅರ್ಧ ಕಾಯಿಲೆ ಕಿವಿಗೇ ಗೊತ್ತಾಗತ್ತೆ. ಸ್ಪೀಡ್ ಜೊತೆ ಏರೋ "ಗುಂಯ್" ಅನ್ನೋ ಸದ್ದು, ಸ್ಟೇರಿಂಗ್ ಸ್ವಲ್ಪ ಎಡಕ್ಕೆ ಬಲಕ್ಕೆ ವಾಲಿಸಿದಾಗ ಹೆಚ್ಚುಕಮ್ಮಿ ಆದ್ರೆ ವೀಲ್ ಬೇರಿಂಗ್ ಮೇಲೆ ಅನುಮಾನ ಪಡಿ, ಯಾವ ಕಡೆಗೆ ಭಾರ ಬಿದ್ದಾಗ ಜಾಸ್ತಿ ಆಗತ್ತೋ ಆ ಕಡೆದು ಹೋಗಿರೋ ಸಾಧ್ಯತೆ ಹೆಚ್ಚು. ಆಕ್ಸಿಲರೇಟರ್ ಕೊಟ್ಟಾಗ ಒಂದು ತರ ಊಳಿಡೋದು, ಕಾಲು ತೆಗೆದಾಗ ನಿಲ್ಲೋದು ಅಥವಾ ಸ್ವರ ಬದಲಾಗೋದು ಆದ್ರೆ ಕ್ರೌನ್ ಪಿನಿಯನ್ (ಡಿಫರೆನ್ಶಿಯಲ್ ಒಳಗಿನ ದೊಡ್ಡ ಸಣ್ಣ ಗೇರ್ ಜೋಡಿ) ಕಡೆ ನೋಡ್ಬೇಕು. ಗೇರ್ ಹಾಕಿ ಕ್ಲಚ್ ಬಿಟ್ಟ ಕ್ಷಣ "ಟಕ್" ಅಂತ ಒಂದು ಹೊಡೆತ ಬಂದ್ರೆ ಹೆಚ್ಚಾಗಿ ಪ್ರೊಪೆಲ್ಲರ್ ಶಾಫ್ಟಿನ (ಗೇರ್ ಬಾಕ್ಸಿಂದ ಹಿಂದಿನ ಆಕ್ಸಲ್ ಕಡೆ ಹೋಗೋ ಉದ್ದ ಶಾಫ್ಟ್) ಜಾಯಿಂಟ್ ಕ್ರಾಸು, ಅದನ್ನ ಕೆಳಗೆ ಮಲಗಿ ಶಾಫ್ಟ್ ಕೈಯಲ್ಲಿ ತಿರುವಿ ನೋಡಿದ್ರೆ ಆಟ ಕಾಣತ್ತೆ, ಸುಮ್ನೆ ಡಿಫರೆನ್ಶಿಯಲ್ ಬಿಚ್ಚಿಸಿ ದುಡ್ಡು ಕಳ್ಕೊಳ್ಳೋದು ಬೇಡ.

ಆಮೇಲೆ ನಿಲ್ಸಿ ನಾಲ್ಕೂ ಚಕ್ರದ ಹತ್ರ ಕೈ ಒಡ್ಡಿ, ಡ್ರಮ್ ಮುಟ್ಟಬೇಡಿ, ಬಿಸಿ ಹತ್ರದಿಂದಲೇ ಗೊತ್ತಾಗತ್ತೆ. ಹಿಂದಿನ ಎರಡರಲ್ಲಿ ಒಂದು ಕೆಂಡದ ಹಾಗಿದ್ರೆ ಶೂ (ಡ್ರಮ್ ಒಳಗೋಡೆಗೆ ಒತ್ತಿ ಬ್ರೇಕ್ ಹಿಡಿಯೋ ಕಮಾನು) ಉಜ್ತಾ ಇದೆ ಇಲ್ಲಾ ಬೇರಿಂಗ್ ಬಿಸಿಯಾಗ್ತಿದೆ, ಒಂದು ತಣ್ಣಗಿದ್ರೆ ಆ ಕಡೆ ಬ್ರೇಕ್ ಕೆಲಸಾನೇ ಮಾಡ್ತಿಲ್ಲ.

ಪೆಡಲ್ ಏನು ಹೇಳತ್ತೆ ಅಂತಾನೂ ಗಮನಿಸಿ. ಮೆತ್ತಗೆ ಸ್ಪಂಜಿನ ತರ ಇದ್ರೆ ಲೈನಲ್ಲಿ ಗಾಳಿ. ಮೊದಲನೇ ಒತ್ತಿಗೆ ತುಂಬ ಕೆಳಗೆ ಹೋಗಿ ಎರಡನೇ ಒತ್ತಿಗೆ ಮೇಲೆ ಗಟ್ಟಿಯಾಗಿ ನಿಂತ್ರೆ ಶೂ ಮತ್ತೆ ಡ್ರಮ್ ನಡುವೆ ಸಂದು ಜಾಸ್ತಿ ಆಗಿದೆ, ಅಡ್ಜಸ್ಟ್ ಮಾಡಿದ್ರೆ ಸಾಕಾಗಬಹುದು. ಒತ್ತಿ ಹಿಡಿದಾಗ ನಿಧಾನಕ್ಕೆ ಕುಸೀತಾ ಹೋದ್ರೆ ಎಲ್ಲೋ ಸೋರ್ತಿದೆ ಅಥವಾ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋ ಸಿಲಿಂಡರ್) ಒಳಗೇ ಸೋರ್ತಿದೆ, ಆ ಗಾಡಿ ಮನೆಯಿಂದ ಆಚೆ ತೆಗೀಬೇಡಿ. ಕಲ್ಲಿನ ತರ ಗಟ್ಟಿ ಇದ್ರೆ ಬೂಸ್ಟರ್ (ಪೆಡಲ್ ಒತ್ತೋಕೆ ಬಲ ಸೇರಿಸೋ ಭಾಗ) ನೋಡಿ: ಇಂಜಿನ್ ಆಫ್ ಇದ್ದಾಗ ನಾಲ್ಕೈದು ಸಲ ಒತ್ತಿ, ಒತ್ತಿ ಹಿಡ್ಕೊಂಡೇ ಸ್ಟಾರ್ಟ್ ಮಾಡಿ, ಪೆಡಲ್ ಸ್ವಲ್ಪ ಕೆಳಗೆ ಇಳಿದ್ರೆ ಬೂಸ್ಟರ್ ಸರಿ ಇದೆ.

ಸೋರ್ತಿರೋದು ಯಾವ ಎಣ್ಣೆ?

ಬ್ಯಾಕ್ ಪ್ಲೇಟ್ ಒದ್ದೆ ಆಗಿದ್ರೆ ಎರಡೇ ಕಾರಣ, ಗೇರ್ ಆಯಿಲ್ ಇಲ್ಲಾ ಬ್ರೇಕ್ ಆಯಿಲ್. ಇವೆರಡರ ರಿಪೇರಿ ಬೇರೆ ಬೇರೆ, ಇಲ್ಲೇ ತಪ್ಪಿದ್ರೆ ಮುಂದಿನದೆಲ್ಲ ವ್ಯರ್ಥ. ಗೇರ್ ಆಯಿಲ್ ದಪ್ಪ, ಬೆರಳ ಮಧ್ಯ ಎಳೆ ಎಳೆಯಾಗಿ ಅಂಟತ್ತೆ, ಗಂಧಕದ ಕೊಳೆತ ವಾಸನೆ ಒಂದ್ಸಲ ಮೂಗಿಗೆ ಬಡಿದ್ರೆ ಮರೆಯಲ್ಲ. ಬ್ರೇಕ್ ಆಯಿಲ್ ತೆಳು, ಪೇಂಟ್ ಏಳಿಸತ್ತೆ. ಆದ್ರೂ ಡ್ರಮ್ಮಿನ ಧೂಳು ಸೇರಿ ಎರಡೂ ಕಪ್ಪಾಗಿರತ್ತೆ ಅಲ್ವಾ, ಅನುಮಾನ ಬಂದ್ರೆ ಸ್ಟೀಲ್ ತಟ್ಟೇಲಿ ಸ್ವಲ್ಪ ನೀರು ಹಾಕಿ ಆ ಜಿಡ್ಡಿನ ಒಂದು ಹನಿ ಬಿಡಿ. ಗೇರ್ ಆಯಿಲ್ ಆದ್ರೆ ಬಣ್ಣಬಣ್ಣವಾಗಿ ಮೇಲೆ ತೇಲತ್ತೆ. ಬ್ರೇಕ್ ಆಯಿಲ್ ಆದ್ರೆ ಧೂಳು ತಳಕ್ಕೆ ಕೂತು ಉಳಿದದ್ದು ನೀರಲ್ಲಿ ಕರಗಿ ಹೋಗತ್ತೆ. ಗೇರ್ ಆಯಿಲ್ ಅಂದ್ರೆ ಆಕ್ಸಲ್ ಸೀಲ್, ಬ್ರೇಕ್ ಆಯಿಲ್ ಅಂದ್ರೆ ವೀಲ್ ಸಿಲಿಂಡರ್ (ಡ್ರಮ್ ಒಳಗೆ ಶೂನ ಹೊರಕ್ಕೆ ತಳ್ಳೋ ಸಣ್ಣ ಸಿಲಿಂಡರ್). ಬ್ರೇಕ್ ಆಯಿಲ್ ಡಬ್ಬೀಲಿ ಲೆವೆಲ್ ಇಳಿದಿದ್ಯಾ ಅಂತಾನೂ ನೋಡ್ಕೊಳ್ಳಿ.

ಜಾಕ್ ಹಾಕೋವಾಗ ಜೀವದ ಮೇಲೆ ಗಮನ ಇರ್ಲಿ

ಇದನ್ನ ದಯವಿಟ್ಟು ಪೂರ್ತಿ ಓದಿ. ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನ, ಆ ಚಕ್ರಾನೇ ಎತ್ತಿದ ಮೇಲೆ ಅದಕ್ಕೆ ಅರ್ಥ ಇಲ್ಲ. "ಗೇರಲ್ಲಿ ಹಾಕಿದೀನಿ" ಅಂತ ಧೈರ್ಯ ಮಾಡ್ತಾರೆ, ಆದ್ರೆ ಒಂದೇ ಹಿಂದಿನ ಚಕ್ರ ಗಾಳೀಲಿದ್ರೆ ಡಿಫರೆನ್ಶಿಯಲ್ ಆ ಚಕ್ರಾನ ತಿರುಗೋಕೆ ಬಿಡತ್ತೆ, ನೆಲದ ಮೇಲಿರೋ ಚಕ್ರ ಆರಾಮಾಗಿ ಉರುಳತ್ತೆ, ಗೇರ್ ಗಾಡೀನ ಹಿಡಿಯಲ್ಲ. ಹಂಗಾಗಿ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ಗೂಟ ಕೊಡ್ಲೇಬೇಕು, ಜಾಗ ಸಮತಟ್ಟಾಗಿರ್ಬೇಕು. ವೀಲ್ ನಟ್ ನೆಲದ ಮೇಲೆ ಇದ್ದಾಗಲೇ ಸಡಿಲ ಮಾಡಿ, ಆಮೇಲೆ ಎತ್ತಿ, ಎತ್ತಿದ ಮೇಲೆ ಹೌಸಿಂಗ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಭಾರ ಅದರ ಮೇಲೆ ಬಿಡಿ. ನಮ್ಮ ಕಡೆ ಜಂಬಿಟ್ಟಿಗೆ ಕಲ್ಲು ಜೋಡ್ಸಿ ಕೆಳಗೆ ಮಲಗೋರು ಇದಾರೆ, ಆ ಕಲ್ಲು ನೀರು ಕುಡಿದು ಒಳಗೊಳಗೇ ಸಡಿಲ ಆಗಿರತ್ತೆ, ಭಾರಕ್ಕೆ ಮುನ್ಸೂಚನೆ ಇಲ್ದೆ ಪುಡಿ ಆಗತ್ತೆ. ಸ್ಟ್ಯಾಂಡ್ ಇಲ್ದಿದ್ರೆ ದಪ್ಪ ಗಟ್ಟಿಮರದ ತುಂಡುಗಳನ್ನ ಅಡ್ಡಡ್ಡ ಪೇರಿಸಿ.

ಬ್ರೀದರ್, ಯಾರೂ ನೋಡದ ಆ ಸಣ್ಣ ಮುಚ್ಚಳ

ನನ್ನ ಗಾಡಿ ಕಥೆ ಮುಗಿದದ್ದು ಇಲ್ಲಿ. ಆಕ್ಸಲ್ ಬೇರಿಂಗ್ ಒತ್ತಿಸೋಕೆ ಅಂತ ಲೇತ್ ಶಾಪಿಗೆ ತಗೊಂಡು ಹೋದಾಗ ಅಲ್ಲಿದ್ದ ಹಿರಿಯರು ಸೀಲ್ ಕೈಯಲ್ಲಿ ತಿರುಗಿಸಿ ನೋಡಿ ಕೇಳಿದ ಮೊದಲ ಮಾತೇ "ಬ್ರೀದರ್ ಬಿಚ್ಚಿ ನೋಡಿದ್ರಾ?" ಅಂತ. ಹೌಸಿಂಗ್ ಮೇಲ್ಭಾಗದಲ್ಲಿ ಹೆಬ್ಬೆರಳ ತುದಿಯಷ್ಟು ಒಂದು ಟೋಪಿ ಇರತ್ತೆ, ಕೆಲವದರಲ್ಲಿ ಅಲ್ಲಿಂದ ರಬ್ಬರ್ ಪೈಪ್ ಮೇಲಕ್ಕೆ ಹೋಗಿರತ್ತೆ. ಓಡ್ತಾ ಓಡ್ತಾ ಡಿಫರೆನ್ಶಿಯಲ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗತ್ತಲ್ಲ, ಅದು ಹೊರಗೆ ಹೋಗೋ ದಾರಿ ಅದೊಂದೇ. ನನ್ನದರಲ್ಲಿ ಹಳ್ಳ ದಾಟಿ ದಾಟಿ ಕೆಸರು ಕೂತು ಸಿಮೆಂಟಿನ ತರ ಗಟ್ಟಿಯಾಗಿತ್ತು. ಹೊಸ ಸೀಲ್ ಹಾಕಿದ ಮೇಲೆ ಬೇಕಂತಲೇ ಮತ್ತೊಂದು ಅರ್ಧ ಗಂಟೆ ಓಡಿಸಿ ಬಂದು, ಬಿಸಿ ಇದ್ದಾಗಲೇ ಆ ಟೋಪಿ ತಿರುಗಿಸಿದೆ, ಕುಕ್ಕರ್ ವಿಷಲ್ ಎತ್ತಿದ ಹಾಗೆ "ಉಸ್ಸ್" ಅಂತ ಗಾಳಿ ಹೊರಗೆ ಬಂತು, ಜೊತೆಗೆ ಎಣ್ಣೆಯ ಸಣ್ಣ ಗುಳ್ಳೆಗಳು. ಅಷ್ಟು ಒತ್ತಡ ಸೀಲಿನ ತುಟಿ ಮೇಲೆ ದಿನಾ ಬೀಳ್ತಿತ್ತು. ಹಿಂದಿನ ಎರಡು ಸೀಲಿನ ತಪ್ಪು ಏನೂ ಇರ್ಲಿಲ್ಲ.

ಇನ್ನೊಂದು ವಿಷ್ಯ, ಬಿಸಿ ಆಕ್ಸಲ್ ತಣ್ಣನೆ ಹಳ್ಳದ ನೀರಿಗೆ ಇಳಿದ ಕೂಡ್ಲೇ ಒಳಗಿನ ಗಾಳಿ ಕುಗ್ಗತ್ತೆ, ಬ್ರೀದರ್ ಕಟ್ಟಿದ್ರೆ ಸೀಲಿನ ಸಂದಿಂದ ನೀರು ಒಳಗೆ ಎಳ್ಕೊಳ್ಳತ್ತೆ. ಡ್ರೈನ್ ಪ್ಲಗ್ ಬಿಚ್ಚಿದಾಗ ಎಣ್ಣೆ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣದಲ್ಲಿ ಬಂದ್ರೆ ಇದೇ ಆಗಿರೋದು. ಬ್ರೀದರ್ ಬಿಚ್ಚೋ ಮುಂಚೆ ಸುತ್ತ ಇರೋ ಮಣ್ಣು ಬ್ರಷ್ಷಲ್ಲಿ ಪೂರ್ತಿ ತೆಗೀರಿ, ಇಲ್ದಿದ್ರೆ ಅದೇ ಒಳಗೆ ಬೀಳತ್ತೆ. ಡೀಸೆಲ್ಲಲ್ಲಿ ನೆನೆಸಿ, ಬಾಯಲ್ಲಿ ಊದಬೇಡಿ, ಸೈಕಲ್ ಪಂಪಲ್ಲಿ ಗಾಳಿ ಬಿಟ್ಟು ನೋಡಿ, ಆಡದಿದ್ರೆ ಹೊಸದು ಹಾಕಿ. ಹಳ್ಳ ದಾಟೋ ಗಾಡಿ ಆದ್ರೆ ಬ್ರೀದರ್‌ಗೆ ಎಣ್ಣೆ ತಡೆಯೋ ರಬ್ಬರ್ ಪೈಪ್ ಜೋಡ್ಸಿ ಚಾಸಿ ಮೇಲಕ್ಕೆ ಏರ್ಸಿ ಕಟ್ಟಿಬಿಡಿ, ಪೈಪ್ ಎಲ್ಲೂ ಮಡಚಿಕೊಳ್ಳದ ಹಾಗೆ.

ಡ್ರಮ್ ಬಿಚ್ಚೋದು

ಹ್ಯಾಂಡ್‌ಬ್ರೇಕ್ ಇಳಿಸಿರ್ಬೇಕು, ಇದನ್ನ ಮರೆತು ಸುತ್ತಿಗೆಯಲ್ಲಿ ಬಡೀತಾ ಕೂರೋರು ಬಹಳ. ಡ್ರಮ್ ಬರದಿದ್ರೆ ಒಳಗಡೆ ಅಂಚಲ್ಲಿ ಸವೆದು ಏಣು ಕಟ್ಟಿ ಶೂ ಅದಕ್ಕೆ ಸಿಕ್ಕಿರತ್ತೆ, ಬ್ಯಾಕ್ ಪ್ಲೇಟ್ ರಬ್ಬರ್ ಬಿರಡೆ ತೆಗೆದು ಅಡ್ಜಸ್ಟರ್ ಹಲ್ಲು ಸಡಿಲ ಮಾಡಿ. ಸುಮಾರು ಡ್ರಮ್‌ಗಳಲ್ಲಿ ಎದುರು ಬದುರು ಎರಡು ಥ್ರೆಡ್ (ತಿರುಪಿನ ಸುತ್ತು) ಇರೋ ತೂತು ಇರತ್ತೆ, ಸರಿಯಾದ ಅಳತೆ ಬೋಲ್ಟ್ ಎರಡರಲ್ಲೂ ಸ್ವಲ್ಪ ಸ್ವಲ್ಪ ಸಮವಾಗಿ ಬಿಗಿ ಮಾಡ್ತಾ ಹೋದ್ರೆ ಅದೇ ತಳ್ಕೊಂಡು ಬರತ್ತೆ. ಹಳೇ ಜೀಪುಗಳಲ್ಲಿ ಹಬ್ ಮೊನಚಾದ ಶಾಫ್ಟ್ ಮೇಲೆ ಕೀಲಿ ಹಾಕಿ ಕೂರ್ಸಿರ್ತಾರೆ, ಅದಕ್ಕೆ ಹಬ್ ಪುಲ್ಲರ್ ಬೇಕೇ ಬೇಕು, ಬಡಿದು ತೆಗೀತೀನಿ ಅಂತ ಹೋಗ್ಬೇಡಿ.

ಒಳಗಿರೋ ಕರಿ ಧೂಳನ್ನ ಗಾಳಿ ಹೊಡೆದು ಹಾರಿಸಬೇಡಿ. ಹಳೇ ಲೈನರ್‌ಗಳಲ್ಲಿ (ಶೂ ಮೇಲೆ ಅಂಟಿಸಿರೋ ಉಜ್ಜೋ ಪದರ) ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದು ಶ್ವಾಸಕೋಶಕ್ಕೆ ಹೋದ್ರೆ ವರ್ಷಗಳ ಮೇಲೆ ಕ್ಯಾನ್ಸರ್ ತರೋ ವಸ್ತು. ನೀರು ಚಿಮುಕಿಸಿ ಒದ್ದೆ ಬಟ್ಟೇಲಿ ಒರೆಸಿ, ಆ ಬಟ್ಟೆ ಕವರಲ್ಲಿ ಕಟ್ಟಿ ಬಿಸಾಕಿ.

ಬಿಚ್ಚೋ ಮುಂಚೆ ಮೊಬೈಲಲ್ಲಿ ನಾಲ್ಕೈದು ಫೋಟೋ ತಗೊಳ್ಳಿ, ಯಾವ ಸ್ಪ್ರಿಂಗ್ ಯಾವ ತೂತಿಗೆ ಅಂತ. ಒಂದು ಕಡೆ ಮುಗಿಯೋ ತನಕ ಇನ್ನೊಂದು ಕಡೆ ಬಿಚ್ಚಬೇಡಿ, ಅನುಮಾನ ಬಂದಾಗ ಹೋಗಿ ನೋಡೋಕೆ ಅದಿರತ್ತೆ. ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಅಂಚು ಸ್ಕ್ರೂಡ್ರೈವರಲ್ಲಿ ಸ್ವಲ್ಪ ಎತ್ತಿ, ಎಣ್ಣೆ ಹರಿದು ಬಂದ್ರೆ ಬಕೆಟ್ (ಸಿಲಿಂಡರ್ ಒಳಗೆ ಆಯಿಲ್ ತಡೆಯೋ ರಬ್ಬರ್ ಬಟ್ಟಲು) ಹೋಗಿದೆ. ಸಿಲಿಂಡರ್ ಒಳಗೋಡೆಗೆ ತುಕ್ಕಿನ ಚುಕ್ಕಿ ಬಿದ್ದಿದ್ರೆ ಬಕೆಟ್ ಕಿಟ್ ಹಾಕಿ ಪ್ರಯೋಜನ ಇಲ್ಲ, ಹೊಸ ಸಿಲಿಂಡರೇ ಹಾಕಿ, ಎರಡೂ ಕಡೆ ಒಟ್ಟಿಗೆ.

ಗೇರ್ ಆಯಿಲ್ ಕುಡಿದ ಶೂನ ಪೆಟ್ರೋಲಲ್ಲಿ ತೊಳೆದು, ಬೆಂಕಿ ಹಚ್ಚಿ ಸುಟ್ಟು, ಎಮರಿ ಉಜ್ಜಿ ಮತ್ತೆ ಹಾಕೋದು ತುಂಬಾ ಕಡೆ ನಡೆಯತ್ತೆ. ಮೇಲೆ ಒಣಗಿದ ಹಾಗೆ ಕಾಣತ್ತೆ, ಘಾಟಿ ಇಳಿಯೋವಾಗ ಬಿಸಿಯಾದ ಕೂಡ್ಲೇ ಒಳಗಿನ ಎಣ್ಣೆ ಮತ್ತೆ ಮೇಲೆ ಬೆವರತ್ತೆ, ಬ್ರೇಕ್ ಬೇಕಾದ ಜಾಗದಲ್ಲೇ ಜಾರತ್ತೆ. ಎರಡೂ ಕಡೆ ಶೂ ಒಂದೇ ಸೆಟ್ಟಾಗಿ ಬದಲಾಯಿಸಿ. ಡ್ರಮ್ ಒಳಗೆ ಗೆರೆ ಬಿದ್ದಿದ್ರೆ ಲೇತಲ್ಲಿ ಉಜ್ಜಿಸಬಹುದು, ಆದ್ರೆ ಡ್ರಮ್ ಮೇಲೆ ಗರಿಷ್ಠ ಒಳ ಅಳತೆ ಅಚ್ಚು ಹಾಕಿರತ್ತೆ, ಅದನ್ನ ದಾಟಿದ್ರೆ ಗುಜರಿಗೆ ಹಾಕಿ.

ಆಕ್ಸಲ್ ಹೊರಗೆ ತೆಗೆಯೋದು, ಬೇರಿಂಗ್, ಸೀಲ್

ಮೊದ್ಲು ನಿಮ್ಮದು ಯಾವ ತರದ ಆಕ್ಸಲ್ ಅಂತ ತಿಳ್ಕೊಳ್ಳಿ. ಫುಲ್ ಫ್ಲೋಟಿಂಗ್ ಆದ್ರೆ ಹಬ್ ಮಧ್ಯದಲ್ಲಿ ಬೋಲ್ಟ್‌ಗಳ ವೃತ್ತ ಕಾಣತ್ತೆ, ಅವನ್ನ ಬಿಚ್ಚಿದ್ರೆ ಚಕ್ರ ಇದ್ದ ಹಾಗೇ ಶಾಫ್ಟ್ ಬರತ್ತೆ. ನಮ್ಮ ಸಣ್ಣ ಗಾಡಿಗಳಲ್ಲಿ ಹೆಚ್ಚಾಗಿ ಸೆಮಿ ಫ್ಲೋಟಿಂಗ್, ಭಾರಾನೂ ಶಾಫ್ಟೇ ಹೊರತ್ತೆ, ಬ್ಯಾಕ್ ಪ್ಲೇಟ್ ಹತ್ರ ನಾಲ್ಕು ನಟ್ ಬಿಚ್ಚಿ ಬೇರಿಂಗ್ ಸಮೇತ ಎಳೀಬೇಕು. ಬ್ಯಾಕ್ ಪ್ಲೇಟೂ ಜೊತೆಗೆ ಬರೋ ಮಾದರಿ ಆದ್ರೆ ಬ್ರೇಕ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್ ಮೊದ್ಲೇ ಬಿಚ್ಚಿ. ಕೆಲವದರಲ್ಲಿ ಡಿಫರೆನ್ಶಿಯಲ್ ಒಳಗೆ ಕ್ಲಿಪ್ ಹಿಡಿದಿರತ್ತೆ, ಅದನ್ನ ತೆಗೀದೆ ಎಷ್ಟು ಎಳೆದ್ರೂ ಬರಲ್ಲ, ಸರ್ವಿಸ್ ಪುಸ್ತಕ ನೋಡಿ. ಎಣ್ಣೆ ಮೊದ್ಲೇ ಬಸಿದಿಡಿ.

ಎಳೆಯೋಕೆ ಸ್ಲೈಡ್ ಹ್ಯಾಮರ್ (ಜಾರೋ ಭಾರದ ಹೊಡೆತದಿಂದ ಹೊರಕ್ಕೆ ಎಳೆಯೋ ಸಾಧನ) ಇಲ್ದಿದ್ರೆ ಡ್ರಮ್ಮನ್ನೇ ತಿರುಗಾಮುರುಗಾ ಸ್ಟಡ್‌ಗೆ ಹಾಕಿ, ನಟ್‌ಗಳನ್ನ ತುದೀಲಿ ನಾಲ್ಕು ಸುತ್ತು ಮಾತ್ರ ಹಾಕಿ, ಡ್ರಮ್ ಹಿಡಿದು ಜೋರಾಗಿ ನಿಮ್ಮ ಕಡೆ ಝಾಡಿಸಿ, ನಟ್‌ಗೆ ಬಡಿದ ಹೊಡೆತಕ್ಕೆ ಬೇರಿಂಗ್ ಸಡಿಲ ಆಗತ್ತೆ, ಬೆರಳು ಮಧ್ಯ ಸಿಗದ ಹಾಗೆ ನೋಡ್ಕೊಳ್ಳಿ. ಶಾಫ್ಟ್ ಬರೋವಾಗ ಕೆಳಗೆ ಜೋತು ಬೀಳೋಕೆ ಬಿಡ್ಬೇಡಿ, ಒಳ ತುದಿಯ ಹಲ್ಲು ಸೀಲನ್ನ ಗೀರಿ ಹಾಕತ್ತೆ. ಹಳೇ ಮಾದರೀಲಿ ಟೇಪರ್ ಬೇರಿಂಗ್ ಇದ್ರೆ ಬ್ಯಾಕ್ ಪ್ಲೇಟ್ ಹತ್ರ ತೆಳ್ಳನೆ ತಗಡಿನ ಬಳೆ, ಅಂದ್ರೆ ಶಿಮ್‌ಗಳಿರತ್ತೆ, ಯಾವ ಕಡೆ ಎಷ್ಟು ಅಂತ ದಾರ ಕಟ್ಟಿ ಬೇರೆ ಬೇರೆ ಇಡಿ, ಶಾಫ್ಟಿನ ಆಟ ನಿರ್ಧಾರ ಆಗೋದು ಅದರಿಂದಲೇ.

ಬೇರಿಂಗನ್ನ ಬಟ್ಟೇಲಿ ಒರೆಸಿ ಕೈಯಲ್ಲಿ ನಿಧಾನ ತಿರುಗಿಸಿ. ಮರಳು ಸಿಕ್ಕ ಹಾಗೆ ಗರಗರ ಅಂದ್ರೆ, ಅಥವಾ ಅತ್ತಿತ್ತ ಅಲುಗಾಡಿದ್ರೆ ಬದಲಾಯಿಸಿ, ಯಾಕಂದ್ರೆ ಬೇರಿಂಗ್ ಅಲುಗಾಡಿದ್ರೆ ಶಾಫ್ಟ್ ಅಲುಗಾಡತ್ತೆ, ಶಾಫ್ಟ್ ಅಲುಗಾಡಿದ್ರೆ ಎಂಥಾ ಸೀಲೂ ತಡೆಯಲ್ಲ. ಬೇರಿಂಗ್ ಹಿಡಿದಿರೋ ಕಾಲರ್ ರಿಂಗನ್ನ ಅರ್ಧ ಆಳ ಡ್ರಿಲ್ ಮಾಡಿ ಉಳಿಯಿಂದ ಸೀಳಿ ತೆಗೀಬೇಕು, ಡ್ರಿಲ್ ಶಾಫ್ಟ್ ಮುಟ್ಟಬಾರದು, ಗ್ಯಾಸ್ ಕಟರ್ ಅಂತೂ ಬೇಡವೇ ಬೇಡ, ಆ ಶಾಖಕ್ಕೆ ಶಾಫ್ಟಿನ ಹದ ಹೋಗತ್ತೆ. ಈ ಕೆಲಸ, ಹೊಸದು ಪ್ರೆಸ್ಸಲ್ಲಿ ಒತ್ತಿಸೋದು ಎರಡೂ ಲೇತ್ ಶಾಪಿಗೇ ಕೊಡಿ. ಕಾಲರ್ ಯಾವಾಗಲೂ ಹೊಸದೇ, ಹಳೇದು ಬಿಗಿ ಹಿಡಿಯದೆ ಓಡ್ತಾ ಓಡ್ತಾ ಶಾಫ್ಟ್ ಚಕ್ರ ಸಮೇತ ಹೊರಗೆ ಬರಬಹುದು.

ಸೀಲ್ ಕೂರೋ ಜಾಗದಲ್ಲಿ ಶಾಫ್ಟ್ ಮೇಲೆ ಉಗುರು ಅಡ್ಡ ಎಳೀರಿ. ಉಗುರು ಸಿಕ್ಕಿಕೊಂಡ್ರೆ ಅಲ್ಲಿ ಕಾಲುವೆ ಬಿದ್ದಿದೆ. ಸಣ್ಣದಾದ್ರೆ ಹೊಸ ಸೀಲನ್ನ ಹೌಸಿಂಗಲ್ಲಿ ಜಾಗ ಇದ್ದಷ್ಟು ಒಂದೆರಡು ಮಿಲಿಮೀಟರ್ ಹಿಂದೆಮುಂದೆ ಕೂರ್ಸಿದ್ರೆ ತುಟಿ ಹೊಸ ಜಾಗಕ್ಕೆ ಬರತ್ತೆ, ಆಳ ಇದ್ರೆ ರಿಪೇರಿ ಸ್ಲೀವ್ (ಶಾಫ್ಟ್ ಮೇಲೆ ಹೊದಿಸೋ ತೆಳು ಲೋಹದ ಬಳೆ) ಹಾಕಿಸ್ಬೇಕು. ಸೀಲಿನ ಸ್ಪ್ರಿಂಗ್ ಇರೋ ಮುಖ ಎಣ್ಣೆ ಕಡೆಗೆ, ತುಟಿಗೆ ಗ್ರೀಸ್ ಹಚ್ಚಿ, ಸೀಲಿನಷ್ಟೇ ಅಗಲದ ಹಳೇ ಬೇರಿಂಗ್ ರಿಂಗೋ ಮರದ ತುಂಡೋ ಇಟ್ಟು ಸುತ್ತ ಸಮವಾಗಿ ತಟ್ಟಿ. ಓರೆಯಾಗಿ ಇಳಿದ್ರೆ ಅದನ್ನ ಬಿಸಾಕಿ ಇನ್ನೊಂದು ತನ್ನಿ.

ಇಷ್ಟೆಲ್ಲ ಮಾಡಿದ ಮೇಲೂ ಅದೇ ಕಡೆ ಸೀಲ್, ಬೇರಿಂಗ್ ಮತ್ತೆ ಮತ್ತೆ ಹೋಗ್ತಿದ್ರೆ, ಹಿಂದಿನ ಟೈರ್ ಒಂದು ಅಂಚಲ್ಲಿ ಮಾತ್ರ ಸವೀತಿದ್ರೆ, ಹೌಸಿಂಗ್ ಬಗ್ಗಿರಬಹುದು. ಗೊಬ್ಬರ, ಜಲ್ಲಿ ಮಿತಿಮೀರಿ ಹೇರಿದ ಪಿಕಪ್‌ಗಳಲ್ಲಿ ಇದನ್ನ ನೋಡಿದೀನಿ. ಅದನ್ನ ಅಳತೆ ಹಿಡಿದು ನೋಡೋ ಕಡೆಗೇ ಒಯ್ಯಿರಿ. ಕ್ರೌನ್ ಪಿನಿಯನ್ ಸೆಟ್ಟಿಂಗ್ ಕೂಡ ಹಾಗೇ, ಡಯಲ್ ಗೇಜ್ ಇಲ್ದೆ ಅದಕ್ಕೆ ಕೈ ಹಾಕ್ಬೇಡಿ.

ಬ್ರೇಕ್ ಜೋಡ್ಸೋದು, ಏರ್ ತೆಗೆಯೋದು

ಬ್ಯಾಕ್ ಪ್ಲೇಟ್ ಮೇಲೆ ಶೂ ಉಜ್ಜೋ ಉಬ್ಬು ಜಾಗಗಳಿಗೆ ಬಿಸಿ ತಡೆಯೋ ಗ್ರೀಸ್ ಸಾಸಿವೆಯಷ್ಟು ಹಚ್ಚಿ, ಲೈನರ್‌ಗೆ ಕೈ ಜಿಡ್ಡೂ ತಾಗಬಾರದು. ರಬ್ಬರ್ ಭಾಗಗಳನ್ನ ತೊಳೆಯೋದು ಬ್ರೇಕ್ ಆಯಿಲ್ಲಲ್ಲಿ ಮಾತ್ರ, ಡೀಸೆಲ್ ಪೆಟ್ರೋಲ್ ತಾಗಿದ್ರೆ ಬಕೆಟ್ ಊದಿ ಸಿಕ್ಕಿಕೊಳ್ಳತ್ತೆ. ಡ್ರಮ್ ಹಾಕಿ ಅಡ್ಜಸ್ಟರ್ ಬಿಗಿ ಮಾಡ್ತಾ ಚಕ್ರ ತಿರುಗದಷ್ಟು ಬಂದ ಮೇಲೆ ಸಣ್ಣಗೆ "ಸರ್" ಅಂತ ತಾಗೋ ತನಕ ಹಲ್ಲು ಹಲ್ಲಾಗಿ ಹಿಂದಕ್ಕೆ ಬಿಡಿ.

ಆಯಿಲ್ ಡಬ್ಬಿ ಮುಚ್ಚಳದ ಮೇಲೆ ಡಾಟ್ 3 ಅಂತಲೋ ಡಾಟ್ 4 ಅಂತಲೋ ಬರೆದಿರತ್ತೆ, ಅದೇ ತನ್ನಿ, ಡಾಟ್ 5 ಸಿಲಿಕಾನ್ ಜಾತಿದು, ಇವಕ್ಕೆ ಬೆರೆಸಬಾರದು. ಸೀಲ್ ಒಡೆದು ಆರು ತಿಂಗಳಿಂದ ಮನೇಲಿ ಬಿದ್ದಿರೋ ಬಾಟಲಿ ಬೇಡ. ಈ ಆಯಿಲ್ ಗಾಳಿಯಿಂದ ನೀರು ಹೀರತ್ತೆ, ಹೊಸ ಡಾಟ್ 3 ಕುದಿಯೋಕೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ನೀರು ಕುಡಿದದ್ದಕ್ಕೆ ಆ ಮಿತಿ 140ಕ್ಕೆ ಇಳಿಯತ್ತೆ. ಘಾಟಿಯಲ್ಲಿ ಆಯಿಲ್ ಕುದ್ದು ಆವಿಯಾದ್ರೆ ಪೆಡಲ್ ನೆಲಕ್ಕೆ ಹೋಗತ್ತೆ, ಮಲೆನಾಡಿನ ತೇವದಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸೋದು ಒಳ್ಳೇದು.

ಏರ್ ತೆಗೆಯೋಕೆ ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು, ನಮ್ಮ ಬಲಗಡೆ ಸ್ಟೇರಿಂಗ್ ಗಾಡೀಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ನಿಪ್ಪಲ್‌ಗೆ (ಪ್ರತಿ ಚಕ್ರದ ಹತ್ರ ಗಾಳಿ ಬಿಡೋಕೆ ಇರೋ ತೂತಿನ ಸ್ಕ್ರೂ) ಪಾರದರ್ಶಕ ಪೈಪ್ ಹಾಕಿ ತುದಿ ಸ್ವಲ್ಪ ಆಯಿಲ್ ಇರೋ ಬಾಟಲೀಲಿ ಮುಳುಗ್ಸಿ. ಕೂತೋರು ಒತ್ತಿ "ಹಿಡಿದೆ" ಅನ್ನಬೇಕು, ಕೆಳಗಿರೋರು ನಿಪ್ಪಲ್ ಕಾಲು ಸುತ್ತು ಬಿಟ್ಟು, ಗುಳ್ಳೆ ಬಂದು, ಮುಚ್ಚಿ "ಬಿಡಿ" ಅಂದ ಮೇಲೇ ಕಾಲು ಎತ್ತಬೇಕು, ಮುಚ್ಚೋ ಮುಂಚೆ ಕಾಲು ಎತ್ತಿದ್ರೆ ಗಾಳಿ ವಾಪಸ್ ಒಳಗೆ. ಡಬ್ಬಿ ಖಾಲಿ ಆಗೋಕೆ ಬಿಡ್ಬೇಡಿ. ಆಕ್ಸಲ್‌ಗೆ ಸರಳು ಜೋಡ್ಸಿರೋ ಲೋಡ್ ವಾಲ್ವ್ ಇರೋ ಗಾಡಿಗಳಲ್ಲಿ ಚಾಸಿ ಎತ್ತಿ ಆಕ್ಸಲ್ ನೇತಾಡ್ತಿದ್ರೆ ಆ ವಾಲ್ವ್ ಗಾಡಿ ಖಾಲಿ ಅಂದ್ಕೊಂಡು ಹಿಂದಕ್ಕೆ ಆಯಿಲ್ ಕಮ್ಮಿ ಬಿಡತ್ತೆ, ಏರ್ ಹೋಗಲ್ಲ, ಅದಕ್ಕೇ ಭಾರ ಆಕ್ಸಲ್ ಮೇಲಿದ್ದಾಗ ಮಾಡಿ.

ಪೆಡಲ್ ಬಿಟ್ಟ ಮೇಲೂ ಚಕ್ರ ಬಿಗಿ ಹಿಡಿದಿದ್ರೆ ನಿಪ್ಪಲ್ ಒಂಚೂರು ಬಿಡಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡ್ರೆ ಒತ್ತಡ ಲೈನಲ್ಲಿ ಸಿಕ್ಕಿದೆ, ಒಳಗೆ ಊದಿದ ರಬ್ಬರ್ ಹೋಸ್ ಅಥವಾ ಮಾಸ್ಟರ್ ಸಿಲಿಂಡರ್ ನೋಡಿ. ಬಿಡದಿದ್ರೆ ಶೂ, ಸ್ಪ್ರಿಂಗ್, ಕೇಬಲ್, ಸಿಕ್ಕಿಕೊಂಡ ಪಿಸ್ಟನ್ ಇವುಗಳಲ್ಲಿ ಯಾವುದೋ ಒಂದು.

ಹ್ಯಾಂಡ್‌ಬ್ರೇಕ್, ಗೇರ್ ಆಯಿಲ್, ಟ್ರಯಲ್

ಹ್ಯಾಂಡ್‌ಬ್ರೇಕ್ ಕೇಬಲ್ ಕೊನೇಲಿ. ಶೂ ಅಡ್ಜಸ್ಟ್ ಮಾಡದೆ ಕೇಬಲ್ ಎಳೆದು ಬಿಗಿ ಮಾಡಿದ್ರೆ ಶೂ ಪೂರ್ತಿ ಹಿಂದಕ್ಕೆ ಕೂರಲ್ಲ, ತಾನಾಗೇ ಅಡ್ಜಸ್ಟ್ ಆಗೋ ಮಾದರಿ ಇದ್ರೆ ಅದೂ ಕೆಲಸ ನಿಲ್ಲಿಸತ್ತೆ. ಐದಾರು ಕ್ಲಿಕ್ಕಿಗೆ ಗಾಡಿ ನಿಲ್ಲಬೇಕು, ಇಳಿಸಿದಾಗ ಎರಡೂ ಚಕ್ರ ಸಲೀಸಾಗಿ ತಿರುಗಬೇಕು.

ಡ್ರೈನ್ ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ಪೇಸ್ಟ್ ಇದ್ರೆ ಸಹಜ, ಹಲ್ಲಿನ ಚೂರು ಸಿಕ್ಕಿದ್ರೆ ಡಿಫರೆನ್ಶಿಯಲ್ ಬಿಚ್ಚಿಸಿ. ಹಳೇ ಎಣ್ಣೆ ಬಸಿಯೋ ಮುಂಚೇನೇ ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚೋಕೆ ಬರತ್ತಾ ಅಂತ ನೋಡಿ, ಅದು ಬಿಗಿದಿದ್ದು ಕೆಳಗಿನದು ಬಸಿದಾಗಿದ್ರೆ ಗಾಡಿ ಅಲ್ಲೇ ನಿಂತ್ಕೊಳ್ಳತ್ತೆ. ಗೇರ್ ಆಯಿಲ್ ಸಾಮಾನ್ಯವಾಗಿ 80 ಡಬ್ಲ್ಯೂ 90 ಅಥವಾ 90 ನಂಬರ್, ಜಿಎಲ್ 5 ದರ್ಜೆದು, ಗಾಡಿ ಸಮತಟ್ಟಾಗಿದ್ದಾಗ ತೂತಿನ ಕೆಳ ಅಂಚಿನ ತನಕ. ಅದಕ್ಕಿಂತ ಜಾಸ್ತಿ ತುಂಬಿದ್ರೆ ಅದೂ ಸೀಲಿನ ಕಡೆಗೇ ಓಡತ್ತೆ. ಹಳೇ ಎಣ್ಣೆ ತೋಟಕ್ಕೋ ಹಳ್ಳಕ್ಕೋ ಚೆಲ್ಲಬೇಡಿ, ಕ್ಯಾನಲ್ಲಿ ತುಂಬಿ ಹಳೇ ಎಣ್ಣೆ ತಗೊಳ್ಳೋರಿಗೆ ಕೊಡಿ.

ಮೊದಲ ಟ್ರಯಲ್ ಅಂಗಳದಲ್ಲೇ, ನಡಿಗೆ ವೇಗದಲ್ಲಿ. ಆಮೇಲೆ ಖಾಲಿ ರಸ್ತೇಲಿ ಮೂವತ್ತು ನಲವತ್ತರ ಸ್ಪೀಡಲ್ಲಿ ಹತ್ತು ಹದಿನೈದು ಸಲ ಮೆತ್ತಗೆ ಬ್ರೇಕ್ ಹಿಡಿದು ಶೂ ಕೂರ್ಸಿ, ನಡುನಡುವೆ ತಣಿಯೋಕೆ ಬಿಡಿ, ಹೊಸ ಶೂ ಹಾಕಿದ ದಿನಾನೇ ಘಾಟಿ ಇಳಿಯೋದು ಬೇಡ. ಐವತ್ತು ಕಿಲೋಮೀಟರ್ ಆದ ಮೇಲೆ ವೀಲ್ ನಟ್ ಎದುರುಬದುರು ಕ್ರಮದಲ್ಲಿ ಮತ್ತೆ ಬಿಗಿ ನೋಡಿ. ಒಂದು ವಾರ ದಿನಾ ಬೆಳಿಗ್ಗೆ ಹಿಂದಿನ ಎರಡೂ ಚಕ್ರದ ಕೆಳಗೆ ಹಳೇ ರಟ್ಟು ಹಾಸಿ ನೋಡಿ. ನಮ್ಮ ಜೀಪಿಗೆ ಆ ಮೂರನೇ ಸೀಲ್ ಹಾಕಿ ಈಗ ಇನ್ನೊಂದು ಮಳೆಗಾಲ ಕಳೀತು, ರಟ್ಟು ಒಣಗೇ ಇದೆ, ಹಳ್ಳ ದಾಟಿ ಬಂದ ದಿನ ಬ್ರೀದರ್ ಪೈಪಿನ ತುದಿ ಮುಟ್ಟಿ ನೋಡೋದು ಮಾತ್ರ ಬಿಟ್ಟಿಲ್ಲ.